ಹೇಗೂ ಬೀಳುವ ಹಲ್ಲು

ಇಸವಿ ೨೩೧೯, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ಹೊಳೆದಂಡೆಯ ಊರಿನಿಂದ.

ನಮ್ಮ ಹಿರಿಯರಾದ ನಿಮಗೆ ದ್ಯಾವಪ್ಪನ ಶರಣು.

ತಿಂಗಳ ಲೆಕ್ಕ ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಹನ್ನೆರಡು ತಿಂಗಳೊಳಗೆ ಮುಗಿಯದಾದಾಗ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನಮ್ಮ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಊರ ಮಕ್ಕಳಿಗೆ ಕಥೆ ಹೇಳುವ ಮುದುಕ, ಬರೆದು ರೂಢಿಯಿಲ್ಲ. ಈ ಕಾಗದ ಕಾಲದ ಹಿಂದಕ್ಕೆ ಹೇಗೆ ಬರುತ್ತದೋ ತಿಳಿಯದು. ಮುಟ್ಟಿಸುತ್ತೇವೆ ಎಂದವರನ್ನು ನಂಬಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಲ್ಲಿರುವ ದೊಡ್ಡವರು ಯಾರೂ ಇಲ್ಲ. ಮಗುವಿಗೆ ಹನ್ನೆರಡು ತುಂಬಿದಾಗ ಬಿಡುಗಡೆ ಮಾಡಿಸುತ್ತೇವೆ. ಬಿಡುಗಡೆಯೆಂದರೆ ಬಾಯಿಯ ಎಲ್ಲ ಹಲ್ಲುಗಳನ್ನೂ ಒಂದೇ ದಿನ ಕೀಳಿಸುವುದು. ಅಂದು ಮಗುವಿಗೆ ಹೊಸ ಅಂಗಿ, ಬೀದಿಗೆಲ್ಲ ಊಟ. ಊಟವೆಂದರೆ ನುಣುಪು, ನಾವು ಮೂರು ಹೊತ್ತೂ ಹೀರುವ ಸಿಹಿಗಂಜಿ. ಮನೆಮನೆಯ ನಲ್ಲಿಯಲ್ಲಿ ಬೆಚ್ಚಗೆ ಬರುತ್ತದೆ. ಕೂಸು ಅತ್ತರೂ ಅದೇ, ನಿದ್ದೆ ಹೋಗಲೂ ಅದೇ. ಹಾಗಾಗಿ ನಮ್ಮ ಮಕ್ಕಳ ಹಲ್ಲು ಮೂಡುತ್ತಿದ್ದಂತೆ ಕಪ್ಪಾಗುತ್ತವೆ, ದವಡೆ ಬಾಯುತ್ತದೆ, ರಾತ್ರಿಯೆಲ್ಲ ಅಳು. ಕಿತ್ತರೆ ನೋವು ನಿಲ್ಲುತ್ತದೆ. ಆದ್ದರಿಂದ ಅದನ್ನು ಯಾರೂ ಕ್ರೌರ್ಯವೆನ್ನುವುದಿಲ್ಲ. ಕಟ್ಟಿಸಿದ ಹಲ್ಲು ಇಲ್ಲವೇ ಎಂದು ಕೇಳೀರಿ. ಕಡಿದು ತಿನ್ನುವ ಪದಾರ್ಥವೇ ಇಲ್ಲದ ಮೇಲೆ ಅದು ಯಾರಿಗೆ ಬೇಕು?

ಇದೆಲ್ಲ ನಿಮ್ಮ ಕಾಲದ ಒಂದು ಸಣ್ಣ ಮಾತಿನಿಂದ ಆರಂಭವಾಯಿತೆಂದು ನಮ್ಮಜ್ಜಿ ಹೇಳುತ್ತಿದ್ದಳು. ಮಗುವಿನ ಹಾಲುಹಲ್ಲು ಹುಳುಕಾದಾಗ, ಹೇಗೂ ಬೀಳುವ ಹಲ್ಲು ಎಂದು ನೀವು ಸುಮ್ಮನಾದಿರಿ. ಅದರ ಬುಡದಲ್ಲಿ ಕಾಯುತ್ತಿದ್ದ ಹೊಸ ಹಲ್ಲಿಗೂ ಪೆಟ್ಟು ಬಿತ್ತು. ಆ ಮಕ್ಕಳು ದೊಡ್ಡವರಾಗಿ ತಮ್ಮ ದವಡೆ ಹಲ್ಲಿನ ಬಗ್ಗೆಯೂ ಅದನ್ನೇ ಹೇಳಿಕೊಂಡರು. ಅವರ ಮೊಮ್ಮಕ್ಕಳು ಇಡೀ ಬಾಯಿಯ ಬಗ್ಗೆ ಹೇಳಿದರು.

ನನ್ನ ಮೊಮ್ಮಗಳು ಕಸ್ತೂರಿ ತಂದೆತಾಯಿ ಇಲ್ಲದ ಹುಡುಗಿ, ಸಾಕಿದವನು ನಾನು. ನೀವು ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಹಲ್ಲು ತಿಕ್ಕುತ್ತಿದ್ದಿರೆಂದು ಅಜ್ಜಿ ಹೇಳಿದ್ದನ್ನು ನಾನು ರಾಜಕುಮಾರಿಯ ಕಥೆಯಂತೆ ಕೇಳಿದ್ದೆ. ಈ ಹುಡುಗಿಗೆ ಮೊದಲ ಹಲ್ಲು ಮೂಡಿದಾಗ, ನಿಜವೋ ಸುಳ್ಳೋ ನೋಡೋಣ ಎಂದುಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಬೆಳೆದ ಮೇಲೆ ಬೇವಿನ ಕಡ್ಡಿ. ತುದಿ ಜಗಿದು ಮೆತ್ತಗೆ ಮಾಡಲು ನನಗೆ ಹಲ್ಲೆಲ್ಲಿ, ಕಲ್ಲಿನಿಂದ ಜಜ್ಜಿ ಕೊಡುತ್ತಿದ್ದೆ. ನುಣುಪು ಬಿಡಿಸಿ, ಹಿತ್ತಲಲ್ಲಿ ನಾಲ್ಕು ಸಾಲು ಜೋಳ ಬೆಳೆದು, ಕಡಿದರೆ ಕಟಕಟ ಎನ್ನುವ ಕಟಿ ರೊಟ್ಟಿ ಸುಟ್ಟೆ. ಅವಳು ಕಡಿಯುವ ಸದ್ದಿಗೆ ಪಕ್ಕದ ಮನೆಯ ಗಂಗವ್ವ ಹೊರಗೆ ಬರುತ್ತಿದ್ದಳು.

“ದ್ಯಾವಪ್ಪಜ್ಜಾ, ನಿಮ್ಮ ಹುಡುಗಿ ಗ್ವಾಡಿ ತಿನ್ನಾಕತ್ತೈತೇನು?”

“ಹೂಂನವ್ವಾ, ನಮ್ಮದು ಮುಗೀತು. ಇನ್ನ ನಿಮ್ಮ ಗ್ವಾಡಿಗೆ ಬರ್ತಾಳ.”

ಹೀಗೆ ಕಸ್ತೂರಿಯ ಬಾಯಲ್ಲಿ ಒಂದೂ ಹುಳುಕಿಲ್ಲದೆ ಹಲ್ಲು ಬೆಳೆದವು. ನನಗೆ ಎಷ್ಟು ಹಿಗ್ಗು ಎಂದು ಹೇಳಲಾರೆ. ಆದರೆ ಕಳೆದ ವರ್ಷ ಅವಳ ಗೆಳತಿಯರಿಗೆಲ್ಲ ಬಿಡುಗಡೆಯಾಯಿತು. ಇವಳೊಬ್ಬಳು ಉಳಿದಳು. ಅವರು ಇವಳನ್ನು ಇಲಿ ಎಂದರು. ಆಟಕ್ಕೆ ಕರೆಯಲಿಲ್ಲ. ಇವಳು ಕೈ ಅಡ್ಡ ಹಿಡಿದು ಮಾತಾಡತೊಡಗಿದಳು. ಆಮೇಲೆ ಮಾತನ್ನೇ ಬಿಟ್ಟಳು. ರೊಟ್ಟಿಯನ್ನು ನೀರಲ್ಲಿ ನೆನೆಸಿ, ಸದ್ದಾಗದಂತೆ ತಿಂದಳು.

“ಮುತ್ಯಾ, ನನಗೂ ಬಿಡಿಸು” ಎಂದಳು ಒಂದು ದಿನ. “ಹೆಂಗೂ ಬೀಳೂ ಹಲ್ಲು.”

“ಬೀಳೂದಿಲ್ಲವ್ವಾ. ತಿಕ್ಕೊಂಡು ಇಟ್ಕೊಂಡ್ರ ನನ್ನ ವಯಸ್ಸಿಗೂ ಇರ್ತಾವ.”

“ಯಾರಿಗೆ ಇದ್ದಾವ? ಒಬ್ಬರನ್ನ ತೋರಿಸು.”

ನಾನು ಯಾರನ್ನು ತೋರಿಸಲಿ? ಇದ್ದವರೆಲ್ಲ ನೀವು, ಸತ್ತು ಎಷ್ಟೋ ಕಾಲವಾಯಿತು. ನನ್ನದೇ ಬಾಯಿ ತೆರೆದರೆ ಬರೀ ವಸಡು.

ಬಿಡುಗಡೆಗೆ ಮನೆಯ ಹಿರಿಯ ಒಪ್ಪಬೇಕು. ಕೇಳಿದಾಗಲೆಲ್ಲ ಇಲ್ಲವೆಂದೆ. ಹುಡುಗಿ ಕರಗುತ್ತ ಬಂದಳು. ಒಳ್ಳೆಯ ಹಲ್ಲಿರುವ, ಯಾರೂ ಇಲ್ಲದ ಹುಡುಗಿಯನ್ನು ನಾನು ಹೋದ ಮೇಲೆ ಯಾರು ನೋಡುತ್ತಾರೆ? ನಿನ್ನೆ ಹೂಂ ಅಂದೆ.

ನಿಮ್ಮನ್ನು ಬೈಯಲು ಬರೆದದ್ದಲ್ಲ. ಒಂದು ಬೇಡಿಕೆ ಇದೆ. ನಿಮ್ಮ ಮನೆಯಲ್ಲಿ ಈಗ ಒಂದು ಕೂಸು ಸಿಹಿ ಹಾಲಿನ ಬಾಟಲಿ ಕಚ್ಚಿಕೊಂಡು ಮಲಗಿರಬಹುದು. ಬಾಟಲಿ ತೆಗೆಯಿರಿ, ಬಾಯಿ ಒರೆಸಿ. ಅತ್ತರೆ ಅಳಲಿ, ಎತ್ತಿಕೊಂಡು ತಿರುಗಿ. ಹಾಲುಹಲ್ಲನ್ನೂ ಹಲ್ಲೆಂದೇ ತಿಳಿಯಿರಿ. ನೀವು ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಮಾಡಿದ್ದರೆ ನಾನು ಹೀಗೆ ಬರೆಯುತ್ತ ಕೂರಬೇಕಾಗಿರಲಿಲ್ಲ. ಆದರೂ ಕೇಳುತ್ತಿದ್ದೇನೆ, ನನ್ನ ಮಾತು ಕೇಳುವವರು ಇಲ್ಲಿ ಯಾರೂ ಉಳಿದಿಲ್ಲ.

ಹೊರಗೆ ಕಸ್ತೂರಿ ಕರೆಯುತ್ತಿದ್ದಾಳೆ. ಹೊಸ ಅಂಗಿ ತೊಟ್ಟಿದ್ದಾಳೆ, ಗೆಳತಿಯರೆಲ್ಲ ಸುತ್ತ ನಿಂತಿದ್ದಾರೆ. ವರ್ಷದ ಮೇಲೆ ಇವತ್ತು ಕೈ ಅಡ್ಡ ಹಿಡಿಯದೆ, ಬಾಯಿ ತುಂಬ ನಗುತ್ತಿದ್ದಾಳೆ. ಹೋಗಿ ಆ ನಗುವನ್ನೊಮ್ಮೆ ನೋಡಿಕೊಳ್ಳುತ್ತೇನೆ.