ಕರಡಿ ನೋಡಲು ಹೊರಟವರ ಬುತ್ತಿ

ರೀ,

ಡ್ಯೂಟಿಗೆ ಹೊರಟೆ, ನಿಮ್ಮನ್ನು ಎಬ್ಬಿಸಲಿಲ್ಲ.

ಫಿನ್ಲೆಂಡಿನ ಗೈಡ್ ಫೋನಿನಲ್ಲಿ ಹೇಳಿದ್ದು ನೆನಪಿದೆಯಲ್ಲ? ಕರಡಿಗಳ ಫೋಟೋ ತೆಗೆಯುವ ಗುಡಿಸಲಿಗೆ ತಿನಿಸು ತರಬಾರದು, ತಾಯಿ ಮರಿಗಳ ನಡುವೆ ಹೋಗಬಾರದು.

ಈಗ ನಿಮ್ಮ ಕ್ಯಾಮೆರಾ ಬ್ಯಾಗ್ ತೆಗೆದು ನೋಡಿದರೆ ಒಳಗೆ ಇಪ್ಪತ್ತು ಶೇಂಗಾ ಹೋಳಿಗೆ, ಲೆನ್ಸ್ ಸೋಫಾದ ಮೇಲೆ. ಅತ್ತೆಯವರನ್ನು ಕೇಳಿದರೆ, "ಬುತ್ತಿ ಇಲ್ಲದ ಯಾರರೆ ಊರಿಗೆ ಹೋಗ್ತಾರೇನವಾ? ಮರಿಗೂ ಒಂದ ಮುರದ ಕೊಡಲಿ ಬಿಡ" ಅಂದರು.

ಹೋಳಿಗೆಯನ್ನೆಲ್ಲ ವಿಮಾನ ಹತ್ತುವ ಮೊದಲು ಹೀಥ್ರೂ ನಿಲ್ದಾಣದಲ್ಲೇ ತಿಂದು ಮುಗಿಸಿ, ಕೈ ಸೋಪು ಹಚ್ಚಿ ತೊಳೆಯಿರಿ. ಆ ಬ್ಯಾಗಿಗೆ ತುಪ್ಪದ ವಾಸನೆ ಹತ್ತಿದೆ. ಕ್ಯಾಮೆರಾ, ಲೆನ್ಸ್ ಎರಡನ್ನೂ ನಮ್ಮ ರೋಹನನ ಹಳೆಯ ಶಾಲೆ ಬ್ಯಾಗಿಗೆ ಹಾಕಿದ್ದೇನೆ.

ಮರಿ ಮುದ್ದಾಗಿದೆ ಅಂತ ಗುಡಿಸಲಿನಿಂದ ಹೊರಗೆ ಕಾಲಿಡಬೇಡಿ. ಫೋಟೋದಲ್ಲಿ ಕರಡಿ ಶೇಂಗಾಕಾಳಿನಷ್ಟು ಕಂಡರೂ ಸಾಕು, ಕಟ್ಟು ಹಾಕಿಸಿ ನಾನೇ ಗೋಡೆಗೆ ತೂಗುಹಾಕುತ್ತೇನೆ.

ಶಿವಕ್ಕ