ಆಷಾಢಕ್ಕೆ ಸೂರು ಹೊದಿಸಿದವರಿಗೆ

ಮಾನ್ಯ ಲೀಗ್ ಆಯುಕ್ತರೇ,

ನನಗೆ ಮದುವೆಯಾಯಿತು! ಮೇ ತಿಂಗಳ ಕೊನೆಯ ಶನಿವಾರ, ವಿಟ್ಬಿಯ ಸುಧನ್ವನ ಜೊತೆ. ಎಷ್ಟು ಖುಷಿಯಾಗಿದೆಯೆಂದರೆ ಮುಖಪರಿಚಯವೂ ಇಲ್ಲದ ನಿಮಗೆ ಹೇಳಿಕೊಳ್ಳುತ್ತಿದ್ದೇನೆ. ಆದರೆ ಈ ಖುಷಿಯನ್ನು ಅರ್ಧಕ್ಕೇ ಕಿತ್ತುಕೊಂಡವರೂ ನೀವೇ. ವಿಟ್ಬಿ ಹೆರನ್ಸ್ ಬೇಸ್‌ಬಾಲ್ ತಂಡದ ಉಳಿದ ಮೂರೂ ತವರು ಪಂದ್ಯಗಳು ವಿಟ್ಬಿಯಲ್ಲಿ ನಡೆಯುವುದಿಲ್ಲ, ಟೊರೊಂಟೋದ ಆಚೆ ಬದಿಯ ಎರಿನ್ ಮಿಲ್ಸ್ ಹತ್ತಿರದ ಸೂರಿರುವ ಕ್ರೀಡಾಂಗಣದಲ್ಲಿ ನಡೆಯುತ್ತವೆ ಎಂದು ಜುಲೈ ಹನ್ನೊಂದರಂದು ನೀವು ಪ್ರಕಟಿಸಿದಿರಿ. "ಪ್ರೇಕ್ಷಕರ ಅನುಕೂಲಕ್ಕಾಗಿ" ಎಂಬ ಮಾತನ್ನೂ ಸೇರಿಸಿದಿರಿ. ಯಾವ ಪ್ರೇಕ್ಷಕರು, ಸ್ವಾಮಿ? ಅವರನ್ನು ನೀವು ಎಲ್ಲಿ ಕಂಡಿರಿ?

ಇದನ್ನು ಇಂಗ್ಲಿಷಿನಲ್ಲಿ ಮೂರು ಸಲ ಕೇಳಿದ್ದೇನೆ. ಮೂರು ಸಲವೂ "ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು" ಎಂಬ ಒಂದೇ ಉತ್ತರ, ಒಂದೇ ನಿಮಿಷದಲ್ಲಿ ಬಂತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕಲಿತ ಭಾಷೆಗೆ ಇಷ್ಟೇ ಮರ್ಯಾದೆಯಾದರೆ ಕನ್ನಡದಲ್ಲಿ ಜಗಳವಾಡುವುದೇ ವಾಸಿ ಎಂದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆಯುತ್ತಿದ್ದೇನೆ. ಓದಿಸಿಕೊಳ್ಳಬೇಕಿದ್ದರೆ ನಿಮ್ಮ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಹೋಗಿ. ಬೆಂಗಳೂರಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನಮ್ಮ ಸಂಘದ ಬಂಧುಗಳಿಗೆ ನಿಮ್ಮ ಸಾಮ್ರಾಜ್ಯವನ್ನು ಸ್ವಲ್ಪ ಪರಿಚಯಿಸುತ್ತೇನೆ. ಟೀವಿಯಲ್ಲಿ ಬರುವುದು ದೊಡ್ಡ ಲೀಗು. ಅಲ್ಲಿ ಮೂವತ್ತು ತಂಡಗಳಿವೆ. ಇಪ್ಪತ್ತೊಂಬತ್ತು ಅಮೆರಿಕದವು, ಒಂದು ನಮ್ಮ ಟೊರೊಂಟೋದ್ದು. ಒಂದೊಂದು ತಂಡ ವರ್ಷಕ್ಕೆ ನೂರ ಅರವತ್ತೆರಡು ಪಂದ್ಯ ಆಡುತ್ತದೆ. ಈ ಆಯುಕ್ತರದು ಆ ಲೀಗಲ್ಲ. ಇವರದು ಸರೋವರದ ಸುತ್ತಲಿನ ಎಂಟು ಊರುಗಳ ಎಂಟು ತಂಡಗಳ ಪುಟ್ಟ ಲೀಗು. ಪೂರ್ವಕ್ಕೆ ನಾಲ್ಕು, ಪಶ್ಚಿಮಕ್ಕೆ ನಾಲ್ಕು. ಪ್ರತಿ ತಂಡಕ್ಕೆ ನಲವತ್ತೆರಡು ಪಂದ್ಯ, ಅದರಲ್ಲಿ ಅರ್ಧ ತನ್ನೂರಿನಲ್ಲಿ, ಅರ್ಧ ಪರವೂರಿನಲ್ಲಿ. ಆಟಗಾರರೆಲ್ಲ ಸಂಬಳದವರೇ, ಆದರೂ ಚೆಂಡೆಸೆಯುವ ನಮ್ಮ ಪಿಚ್ಚರ್ ಹಗಲು ಹೊತ್ತು ಟೈರ್ ಅಂಗಡಿಯಲ್ಲಿರುತ್ತಾನೆ. ಹೆರನ್ಸ್ ಪೂರ್ವ ವಿಭಾಗದಲ್ಲಿ ಮೂರನೆಯದು. ಹೆರನ್ ಎಂದರೆ ಕೊಕ್ಕರೆ. ನಮ್ಮ ಅತ್ತೆಗೆ ಅವರು "ನಮ್ಮ ಕೊಕ್ಕರೆಗಳು". ಇಷ್ಟು ಸಣ್ಣ ಲೀಗನ್ನು ನಡೆಸುವವರಿಗೆ ಊರು ಯಾವುದು, ಜನ ಯಾರು ಎಂದು ಗೊತ್ತಿರಬೇಕಲ್ಲವೇ? ಎಂಟೇ ಊರು. ಎಣಿಸಿದರೆ ಎರಡು ಬೆರಳು ಉಳಿಯುತ್ತವೆ.

ಈಗ ನನ್ನ ಕಥೆ. ಮದುವೆಯಾಗಿ ಇನ್ನೂ ನಾಲ್ಕು ವಾರ ಕಳೆದಿರಲಿಲ್ಲ, ಆಷಾಢ ಬಂತು. ಆಯುಕ್ತರೇ, ಮದುವೆಯಾದ ಮೊದಲ ಆಷಾಢದಲ್ಲಿ ನಮ್ಮಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವುದಿಲ್ಲ, ಗಂಡ ಹೆಂಡತಿ ಒಂದೇ ಸೂರಿನಡಿ ಇರುವುದಿಲ್ಲ. ಸೊಸೆಯನ್ನು ತಿಂಗಳಮಟ್ಟಿಗೆ ತವರಿಗೆ ಕಳಿಸುತ್ತಾರೆ. ನನ್ನ ಅಪ್ಪ ಅಮ್ಮ ಧಾರೆ ಎರೆದುಕೊಟ್ಟು ಮೈಸೂರಿಗೆ ವಾಪಸ್ ಹೋಗಿಯಾಗಿತ್ತು. ಹಾಗಾಗಿ ಎರಿನ್ ಮಿಲ್ಸಿನಲ್ಲಿರುವ ಅರುಂಧತಿ ಚಿಕ್ಕಮ್ಮನ ಮನೆಯೇ ನನ್ನ ತವರಾಯಿತು. ನಾನು ಅತ್ತೂ ಕರೆದೂ ಸೂಟ್‌ಕೇಸ್ ತುಂಬಿಕೊಂಡೆ. ಇದೆಲ್ಲ ಯಾವ ಕಾಲದ್ದು ಎಂದು ನಮ್ಮತ್ತೆ ಗಿರಿಜಾ ಅವರ ಎದುರಿಗೇ ಕೇಳಿದೆ. ಅವರು ನನ್ನ ಸೂಟ್‌ಕೇಸಿಗೆ ಒಂದು ಡಬ್ಬಿ ಚಟ್ನಿಪುಡಿ ಸೇರಿಸಿದರು.

ಸುಧನ್ವ ಸಾಫ್ಟ್‌ವೇರ್ ಪರೀಕ್ಷಕ. ಎಲ್ಲದರಲ್ಲೂ ಸಂದು ಹುಡುಕುವುದೇ ಅವನ ಉದ್ಯೋಗ. ಶಾಸ್ತ್ರದಲ್ಲೂ ಹುಡುಕಿದ. ಹೊಸ್ತಿಲಿಲ್ಲದ, ಸೂರಿಲ್ಲದ ಜಾಗದಲ್ಲಿ ಭೇಟಿಯಾದರೆ ತಪ್ಪೇನು ಎಂದು ಅಮ್ಮನನ್ನು ಕೇಳಿದ. ಅಂಥ ಜಾಗ ಅವರ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿತ್ತು. ನಿಮ್ಮ ಕಡತಗಳಲ್ಲಿ "ಸೌಲಭ್ಯಗಳ ಕೊರತೆ" ಎಂದು ಬರೆದಿದ್ದೀರಲ್ಲ, ಅದೇ ಮೈದಾನ. ಮರದ ಬೆಂಚು, ತಂತಿಬೇಲಿ, ಮೇಲೆ ಬರೀ ಆಕಾಶ. ಬೇಲಿಗೆ ಎರಡು ಸಂದುಗಳಿವೆ, ಓಡುವವರು ಮುಟ್ಟಬೇಕಾದ ಮೂಲೆಗಳಲ್ಲಿ, ಅಂದರೆ ಬೇಸುಗಳಲ್ಲಿ, ಮೊದಲನೆಯದರ ಕಡೆ ಒಂದು, ಮೂರನೆಯದರ ಕಡೆ ಒಂದು. ಅತ್ತೆ ಯೋಚಿಸಿ ತೀರ್ಪು ಕೊಟ್ಟರು: ತಾವು ಮೊದಲನೇ ಬೇಸಿನ ಕಡೆಯಿಂದ ಬರುವುದು, ನಾನು ಮೂರನೇ ಬೇಸಿನ ಕಡೆಯಿಂದ, ಸುಧನ್ವ ಯಾವ ಕಡೆಯಿಂದ ಬಂದರೂ ಅವನ ಕರ್ಮ. ಮೊದಲ ದಿನ ನಾನು ಅಳುಕುತ್ತಾ ಬೆಂಚಿನ ತುದಿಯಲ್ಲಿ ನಿಂತಿದ್ದೆ. "ಇಲ್ಲಿ ಬಾಗಿಲೂ ಇಲ್ಲ, ಸೂರೂ ಇಲ್ಲ. ಕೂತ್ಕೋ," ಎಂದರು. ಆಮೇಲೆ, "ಪೆನ್ಸಿಲ್ ತಂದಿದೀಯಾ?"

ಅವರ ತೊಡೆಯ ಮೇಲೆ ಸ್ಕೋರ್ ಪುಸ್ತಕವಿತ್ತು. ಒಬ್ಬೊಬ್ಬ ಬ್ಯಾಟರಿಗೆ ಒಂದು ಚೌಕ, ಅವನು ಒಂದೊಂದು ಬೇಸು ದಾಟಿದಂತೆ ಒಂದೊಂದು ಗೆರೆ. ಸುತ್ತು ಮುಗಿಸಿ ಹೊರಟಲ್ಲಿಗೇ ಬಂದವನ ಚೌಕವನ್ನು ಮಾತ್ರ ತುಂಬಬೇಕು. ನಾನು ಮೊದಲ ಪಂದ್ಯದಲ್ಲಿ ಔಟಾದವನ ಚೌಕವನ್ನೂ ತುಂಬಿ ಬೈಸಿಕೊಂಡೆ. ನಾಲ್ಕನೆಯ ಪಂದ್ಯದ ಹೊತ್ತಿಗೆ ಅತ್ತೆ ಎದ್ದುಹೋಗಿ ಕಾಫಿ ತರುವಷ್ಟು ಹೊತ್ತು ಪುಸ್ತಕವನ್ನು ನನ್ನ ಕೈಗೇ ಬಿಡುತ್ತಿದ್ದರು. ಗಂಡ ಪಕ್ಕದಲ್ಲಿ ಕೂತು ಪಾಪ್‌ಕಾರ್ನ್ ತಿನ್ನುತ್ತಿದ್ದ. ನಿಜ ಹೇಳುತ್ತೇನೆ, ಇಡೀ ಜಗತ್ತಿನಲ್ಲಿ ನನ್ನಷ್ಟು ಸುಖಿ ಬೇರೆ ಯಾರೂ ಇರಲಿಲ್ಲ.

ಆ ನಾಲ್ಕನೆಯ ಪಂದ್ಯದಲ್ಲೇ ಅತ್ತೆ ಪುಸ್ತಕದಿಂದ ಕಣ್ಣೆತ್ತದೆ ಹೇಳಿದ್ದು. ಅವರು ಮದುವೆಯಾಗಿ ವಿಟ್ಬಿಗೆ ಬಂದದ್ದು ಮೂವತ್ತು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ಬಂದ ಮೂರನೇ ವಾರಕ್ಕೆ ಆಷಾಢ. ಕಳಿಸಲು ಈ ದೇಶದಲ್ಲಿ ಅವರಿಗೆ ಒಬ್ಬ ಚಿಕ್ಕಮ್ಮನೂ ಇರಲಿಲ್ಲ. ಮಾವ ಕೆಲಸದಿಂದ ಮನೆಗೆ ಬರುವ ಹೊತ್ತಿಗೆ ಅತ್ತೆ ಮನೆ ಬಿಟ್ಟು ಹೊರಟು ಈ ಮೈದಾನದಲ್ಲಿ ಕೂರುತ್ತಿದ್ದರಂತೆ. ಶಾಸ್ತ್ರ ಅರ್ಧವಾದರೂ ನಡೆಯಲಿ ಎಂದು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸು, ಭಾಷೆ ಪೂರಾ ಅರ್ಥವಾಗದ ಈ ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟು ಗೆರೆ ಎಳೆಯುವುದನ್ನು ಕಲಿಸಿದರಂತೆ.

"ಎಲ್ರಿಗೂ ಆಷಾಢಕ್ಕೆ ತವರುಮನೆ ಇರತ್ತೆ. ನನಗೆ ಈ ಬೆಂಚಿತ್ತು ಕಣೇ," ಎಂದರು. "ಅದಕ್ಕೇ ನಿನ್ನ ಹಟಮಾಡಿ ಕಳಿಸ್ದೆ. ಹೋಗೋಕೆ ಒಂದು ಮನೆ ಇರೋ ಸುಖ ನಿನಗಾದ್ರೂ ಸಿಗಲಿ ಅಂತ."

ಆಯುಕ್ತರೇ, ನೀವು ಎತ್ತಿಕೊಂಡು ಹೋಗಿರುವುದು ಆ ಬೆಂಚನ್ನು.

ಏಕೆ ಎತ್ತಿಕೊಂಡು ಹೋದಿರಿ ಎಂಬುದೂ ಈಗ ಗೊತ್ತಾಗಿದೆ. ಜೂನ್ ಕೊನೆಯಿಂದ ಹೆರನ್ಸ್ ಪಂದ್ಯಗಳಿಗೆ ಆನ್‌ಲೈನಿನಲ್ಲಿ ಮಾರಾಟವಾದ ಟಿಕೆಟ್ಟುಗಳಲ್ಲಿ ಮುಕ್ಕಾಲು ಪಾಲು ಎರಿನ್ ಮಿಲ್ಸಿನವು ಎಂದು ನಿಮ್ಮ ಪ್ರಕಟಣೆಯ ಎರಡನೇ ಪುಟದಲ್ಲಿದೆ. ಅದನ್ನು ಚಿಕ್ಕಮ್ಮನ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಆ ಎರಿನ್ ಮಿಲ್ಸ್ ನಾನೇ! ಆರತಕ್ಷತೆಗೆ ಬರಲಾಗದವರನ್ನೆಲ್ಲ, ಕಾಲೇಜಿನ ಗೆಳತಿಯರನ್ನು, ಸಂಘದವರನ್ನು, ಸುಧನ್ವನ ಆಫೀಸಿನವರನ್ನು ಮೈದಾನಕ್ಕೇ ಕರೆದಿದ್ದೆ. ಮದುವೆಯ ಅಮಲಿನಲ್ಲಿ ಒಂದೊಂದು ಪಂದ್ಯಕ್ಕೂ ಅರವತ್ತು, ಎಪ್ಪತ್ತು ಟಿಕೆಟ್ ನಾನೇ ತೆಗೆದೆ. ವಿಳಾಸ ಎಂದು ಕೇಳಿದಲ್ಲಿ ಆಷಾಢದ ನನ್ನ ಮನೆಯದನ್ನು ಪ್ರಾಮಾಣಿಕವಾಗಿ ತುಂಬಿದೆ. "ಏನೇ ಇದು, ನಮ್ಮನೆಯಿಂದ ಇಷ್ಟೊಂದು ಜನ ಹೋಗ್ತಿದಾರಂತೆ," ಎಂದು ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ತಪ್ಪು ನನ್ನದೂ ಹೌದು, ಒಪ್ಪುತ್ತೇನೆ. ಆದರೆ ಒಂದೇ ಮನೆಯಿಂದ ಪಂದ್ಯಕ್ಕೆ ಎಪ್ಪತ್ತು ಜನ ಹೊರಡುತ್ತಾರೆಂದರೆ ಅದು ಮನೆಯೋ ಛತ್ರವೋ ಎಂದು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ಒಂದು ಫೋನ್ ಮಾಡಿದ್ದರೆ ಹೇಳುತ್ತಿದ್ದೆನಲ್ಲ, ಮದುವೆಯ ಸುದ್ದಿಯನ್ನೂ ಸೇರಿಸಿ. ಇನ್ನು ವಿಟ್ಬಿಯ ಇನ್ನೂರು ಮುನ್ನೂರು ಜನ ನಡೆದುಕೊಂಡು ಬಂದು ಬೇಲಿಯ ಬಳಿ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುತ್ತಾರೆ. ಅವರ ಹೆಸರು ನಿಮ್ಮ ಕಂಪ್ಯೂಟರಿನಲ್ಲಿಲ್ಲ. ಮೂವತ್ತೊಂದು ಬೇಸಿಗೆ ಒಂದೇ ಬೆಂಚಿನಲ್ಲಿ ಕೂತ ನಮ್ಮತ್ತೆ ನಿಮ್ಮ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ನಾಲ್ಕು ಪಂದ್ಯ ನೋಡಿದ ನಾನು ಮಾತ್ರ ಮುಕ್ಕಾಲು ಪಾಲು ಪ್ರೇಕ್ಷಕಿ!

ನಿಮ್ಮ ಅನುಕೂಲದ ಕ್ರೀಡಾಂಗಣ ಚಿಕ್ಕಮ್ಮನ ಮನೆಯಿಂದ ಬಸ್ಸಿನಲ್ಲಿ ಎಂಟು ನಿಮಿಷ. ಹೋಗಿ ನೋಡಿ ಬಂದೆ. ತಣ್ಣಗಿನ ಗಾಳಿ, ಮೆತ್ತನೆಯ ಕುರ್ಚಿ, ಸುತ್ತ ಗೋಡೆ, ತಲೆಯ ಮೇಲೆ ಭದ್ರವಾದ ಸೂರು. ಒಳಗೆ ಹೋಗಲು ಒಂದೇ ಬಾಗಿಲು, ಅದಕ್ಕೆ ಉಕ್ಕಿನ ಹೊಸ್ತಿಲು. ಇದಕ್ಕಿಂತ ಚೆನ್ನಾಗಿ ನಮ್ಮ ಮೂವರನ್ನು ಬೇರೆ ಮಾಡಲು ಯಾವ ಪಂಚಾಂಗಕ್ಕೂ ಸಾಧ್ಯವಿರಲಿಲ್ಲ. ಸುದ್ದಿ ಕೇಳಿದ ದಿನ ಅತ್ತೆ ಫೋನಿನಲ್ಲಿ, "ಹೋಗ್ಲಿ ಬಿಡು, ಆಡೋರು ಎಲ್ಲಿದ್ರೂ ಆಡ್ತಾರೆ," ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಈ ವರ್ಷದ ಸ್ಕೋರ್ ಪುಸ್ತಕವನ್ನು ಬೇಸ್‌ಮೆಂಟಿನಲ್ಲಿ ಹಳೆಯ ಮೂವತ್ತರ ಜೊತೆ ಇಟ್ಟು ಬಂದರಂತೆ. ಕೊನೆಯ ಮೂರು ಪಂದ್ಯಗಳ ಪುಟ ಖಾಲಿಯಿರುವ ಪುಸ್ತಕವನ್ನು. ಸುಧನ್ವ ಹೇಳಿದ. ಅಂದಿನಿಂದ ನನಗೆ ಹತ್ತಿದ ಸಿಟ್ಟು ಇಳಿದಿಲ್ಲ.

ಮೂರು ಪಂದ್ಯಗಳನ್ನೂ ಕೇಳುತ್ತಿಲ್ಲ. ಮೊದಲಿನ ಎರಡನ್ನು ನಿಮ್ಮ ಸೂರಿನಡಿಯೇ ಆಡಿಸಿಕೊಳ್ಳಿ. ಕೊನೆಯದು ಜುಲೈ ಇಪ್ಪತ್ತನಾಲ್ಕು, ಸಂಜೆ ಏಳಕ್ಕೆ. ಅಂದು ಭೀಮನ ಅಮಾವಾಸ್ಯೆ, ಆಷಾಢದ ಕೊನೆಯ ದಿನ. ಹೆಂಡತಿ ಗಂಡನನ್ನು ಪೂಜಿಸಿ ಅವನ ಕೈಯಿಂದ ಅರಿಶಿನದ ದಾರ ಕಟ್ಟಿಸಿಕೊಳ್ಳುವ ದಿನ. ಆ ದಾರವನ್ನು ಬೆಂಚಿನ ಹತ್ತಿರವೇ ಕಟ್ಟಿಸಿಕೊಳ್ಳಬಹುದೆಂದು ಅತ್ತೆ ಮೊದಲೇ ಒಪ್ಪಿದ್ದರು. ಆ ಒಂದು ಪಂದ್ಯವನ್ನು ವಿಟ್ಬಿಗೆ ವಾಪಸ್ ಕೊಡಿ. ಮುಂದಿನ ವರ್ಷದ ವೇಳಾಪಟ್ಟಿ ಬರೆಯುವ ಮುನ್ನ ಒಂದು ಸಂಜೆ ಬೇಲಿಯ ಬಳಿ ನಿಂತು ಒಳಗೆ ಬರುವವರನ್ನು ಕಣ್ಣಾರೆ ಎಣಿಸಿ. ನನ್ನ ವಿಳಾಸವನ್ನಂತೂ ನಿನ್ನೆಯೇ ವಿಟ್ಬಿ ಎಂದು ಬದಲಿಸಿದ್ದೇನೆ.

ಕೊಡದಿದ್ದರೂ ನಾವು ಬರುತ್ತೇವೆ. ಮೈದಾನ ಊರಿನದು, ಅದಕ್ಕೆ ನೀವು ಬೀಗ ಹಾಕಲಾರಿರಿ. ಬೇಸ್‌ಮೆಂಟಿನಿಂದ ಪುಸ್ತಕ ಮೇಲೆ ತರಲು ಸುಧನ್ವನಿಗೆ ಹೇಳಿದ್ದೇನೆ. ಅತ್ತೆ ಮೊದಲನೇ ಬೇಸಿನ ಕಡೆಯಿಂದ ಬರುತ್ತಾರೆ, ಪೆನ್ಸಿಲ್ ಹಿಡಿದು ನಾನು ಮೂರನೆಯ ಕಡೆಯಿಂದ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ಎಪ್ಪತ್ತು ಜನ, ಲೆಕ್ಕ ಹಾಕಿದರೆ ಒಬ್ಬಳೇ ಆದ
ಶಿವಾನಿ ಸುಧನ್ವ

ಅತ್ತೆ, ನೀವು ಈ ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತೀರೆಂದು ಗೊತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಇಪ್ಪತ್ತನಾಲ್ಕು, ಗುರುವಾರ, ಟೊರೊಂಟೋದ ಯೂನಿಯನ್ ಸ್ಟೇಷನ್ನಿನಿಂದ ಹೊರಟು ಸಂಜೆ ಐದೂ ಮುಕ್ಕಾಲಿಗೆ ವಿಟ್ಬಿ ಸ್ಟೇಷನ್ನಿಗೆ ಬರುವ ರೈಲು.