ನನ್ನ ದಾಖಲೆ ತೆರೆದವರ ಪಟ್ಟಿ

ಅಕ್ಟೋಬರ್ 15, ಬುಧವಾರ. ತಾರ್ತು.

ಭಾನುವಾರದಿಂದ ಒಂದೇ ಮಾತು ತಲೆ ಕೊರೆಯುತ್ತಿದೆ. ಅಜ್ಜನ ಹುಟ್ಟುಹಬ್ಬದ ಊಟದಲ್ಲಿ ವಿರ್ವೆ ಅತ್ತೆ ಆಲೂಗಡ್ಡೆ ಸಲಾಡ್ ಬಡಿಸುತ್ತಾ ಎಲ್ಲರೆದುರು ನನ್ನ ಕಡೆ ಕೈ ತೋರಿಸಿ ಅಂದಳು: "ಮಾರಿಟ್‌ಗೆ ವೈನ್ ಹಾಕ್ಬೇಡಿ. ಪಾಪ, ಖಿನ್ನತೆಗೆ ಮಾತ್ರೆ ತಗೋತಿದಾಳೆ."

ಅದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಅತ್ತೆ ವಿಲ್ಯಾಂಡಿ ಅನ್ನೋ ಊರಲ್ಲಿ ಒಂದು ಕ್ಲಿನಿಕ್ಕಿನ ನರ್ಸು. ನಾನು ಅಲ್ಲಿಗೆ ಕಾಲಿಟ್ಟವಳೂ ಅಲ್ಲ. ಇವತ್ತು ಡಿಜಿಟಲ್ ನೀತಿಯ ತರಗತಿಯಲ್ಲಿ ಮೇಷ್ಟ್ರು, "ನಿಮ್ಮ ಆರೋಗ್ಯ ದಾಖಲೆನ ದೇಶದ ಯಾವ ಕ್ಲಿನಿಕ್ಕಿನವರು ಬೇಕಾದ್ರೂ ತೆರೀಬಹುದು. ಯಾರ್ಯಾರು ತೆರೆದಿದಾರೆ, ಸರ್ಕಾರದ ಜಾಲತಾಣದಲ್ಲಿ ಒಂದ್ಸಲ ನೋಡ್ಕೊಳ್ಳಿ" ಅಂದರು. ಬೆಂಚಿನಲ್ಲೇ ಕೂತು ಲ್ಯಾಪ್‌ಟಾಪಿಗೆ ಚಿಪ್ ಇರುವ ಗುರುತಿನ ಕಾರ್ಡ್ ತುರುಕಿ, ಲಾಗಿನ್ ಆಗಿ ನೋಡಿದೆ. ನನ್ನ ಡಾಕ್ಟರನ್ನು ಬಿಟ್ಟರೆ ಮೂರು ಸಾಲು. ಮೂರರಲ್ಲೂ ವಿರ್ವೆ ಕಲ್ಲಾಸ್ತೆ, ತಾರೀಖು ಗಂಟೆ ಸಮೇತ.

ಸಂಜೆ ಮಾಹಿತಿ ರಕ್ಷಣೆಯ ಇಲಾಖೆಗೆ ಒಂದು ದೂರು ಬರೆದಿಟ್ಟು, ಅತ್ತೆಗೆ ಫೋನ್ ಮಾಡಿದೆ.

"ನಮ್ಮ ಹುಡುಗಿ ಅಂತ ಕಾಳಜಿಗೆ ನೋಡ್ದೆ ಕಣೇ. ನೀನು ಅದನ್ನೆಲ್ಲ ತೆಗೆದು ನೋಡ್ತೀಯ ಅಂತ ನಂಗೇನು ಗೊತ್ತು?"

"ಕಾಳಜಿ ಇದ್ದಿದ್ರೆ ನನ್ನನ್ನೇ ಕೇಳ್ಬೋದಿತ್ತಲ್ಲ ಅತ್ತೆ."

ಅತ್ತಳು. ದೂರು ಕೊಟ್ಟರೆ ತನ್ನ ಕೆಲಸ ಹೋಗುತ್ತದೆ, ಇನ್ನೆಂದೂ ನನ್ನ ದಾಖಲೆ ಮುಟ್ಟುವುದಿಲ್ಲ ಅಂದಳು. ನಿಜ ಹೇಳಬೇಕೆಂದರೆ ಆ ಅಳು ಕೇಳಿ ಹಿತವಾಯಿತು. ಇನ್ನಷ್ಟು ಅಳಲಿ ಎಂದು ಫೋನ್ ಹಿಡಿದೇ ಕೂತಿದ್ದೆ. ಆಮೇಲೆ ಅಜ್ಜನ ಮುಖ ನೆನಪಾಗಿ, ಬರೆದಿಟ್ಟಿದ್ದ ದೂರನ್ನು ಅಳಿಸಿಬಿಡೋಣ ಅನ್ನಿಸಿತು. ಅಳಿಸುವ ಮುನ್ನ ಪಟ್ಟಿಯನ್ನು ಇನ್ನೊಮ್ಮೆ ತೆರೆದೆ.

ಈಗ ಅತ್ತೆಯ ಹೆಸರಲ್ಲಿ ನಾಲ್ಕು ಸಾಲಿದ್ದವು. ನಾಲ್ಕನೆಯದು ಇವತ್ತಿನದೇ, ನಾವು ಫೋನ್ ಇಟ್ಟ ಆರು ನಿಮಿಷಕ್ಕೆ.

ಅದನ್ನೂ ದೂರಿಗೆ ಸೇರಿಸಿ, ಸಹಿ ಹಾಕಿ ಕಳಿಸಿದೆ.

ಅಜ್ಜನ ಮುಂದಿನ ಹುಟ್ಟುಹಬ್ಬಕ್ಕೆ ಸಲಾಡ್ ಬಡಿಸುವವಳು ನಾನು. ಅತ್ತೆಯ ಕೆಲಸದ ಸುದ್ದಿಯನ್ನೂ ಎಲ್ಲರಿಗೂ ನಾನೇ ಬಡಿಸುತ್ತೇನೆ.